ಒಂದೇ ಕೇಬಲ್, ಮೂವತ್ತು ಕಂಪ್ಯೂಟರ್, ತಪ್ಪು ಯಾರದ್ದು?

ಲ್ಯಾಪ್‌ಟಾಪಿಗೆ ಲ್ಯಾನ್ ಕೇಬಲ್ ಚುಚ್ಚಿದ ತಕ್ಷಣ ಪಕ್ಕದಲ್ಲಿ ಒಂದು ಪುಟ್ಟ ಹಸಿರು ದೀಪ ಹತ್ತುತ್ತಲ್ಲ, ಅದನ್ನ ಯಾವತ್ತಾದ್ರೂ ಗಮನಿಸಿದ್ದೀರಾ? ಈಗಿನ ತೆಳು ಲ್ಯಾಪ್‌ಟಾಪ್‌ಗಳಲ್ಲಿ ಆ ಪೋರ್ಟೇ ಇರಲ್ಲ ಅಂತೀರಾದ್ರೆ ಮನೆಯ ವೈಫೈ ರೂಟರ್ ನೋಡಿ, ಅಲ್ಲಿ ಸಿಗುತ್ತೆ. ದೀಪ ಹತ್ತಿದ್ರೆ ಆ ತುದಿಯಲ್ಲಿ ಯಾರೋ ಇದ್ದಾರೆ ಅಂತ ಅರ್ಥ. ಆರಿದ್ರೆ ವೈರೋ, ಪ್ಲಗ್ಗೋ, ಆ ಕಡೆಯ ಡಬ್ಬಿಯೋ ಕೈಕೊಟ್ಟಿದೆ. ಅಷ್ಟೇ ಅದರ ಕೆಲಸ. ಆದರೆ ಈ ಒಂದು ದೀಪ ಇಲ್ಲದೆ ಜಗತ್ತಿನ ಆಫೀಸುಗಳು, ಕಾಲೇಜು ಲ್ಯಾಬುಗಳು ಹತ್ತು ವರ್ಷಕ್ಕೂ ಹೆಚ್ಚು ಕಾಲ ಒದ್ದಾಡಿವೆ. ಈ ಸಲದ ಅಂಕಣ ಆ ಒದ್ದಾಟದ ಬಗ್ಗೆ.

ನಾನು ಹುಟ್ಟೋ ಹೊತ್ತಿಗೆ ಈ ಕಥೆಯ ಮುಖ್ಯ ಭಾಗ ಮುಗಿದೇ ಹೋಗಿತ್ತು. ಇಂಜಿನಿಯರಿಂಗ್ ಓದುವಾಗ ಈಥರ್ನೆಟ್ ಅಂದ್ರೆ ಪರೀಕ್ಷೆಯ ಹತ್ತು ಮಾರ್ಕಿನ ಒಂದು ಪ್ರಶ್ನೆ. ಸಿಎಸ್‌ಎಂಎ-ಸಿಡಿ ವಿವರಿಸಿ, ಚಿತ್ರ ಬರೆಯಿರಿ. ಚಿತ್ರದಲ್ಲಿ ಒಂದು ಉದ್ದದ ಗೆರೆ, ಅದಕ್ಕೆ ಜೋತುಬಿದ್ದ ನಾಲ್ಕು ಪೆಟ್ಟಿಗೆ. ಆ ಗೆರೆ ಒಂದು ಕಾಲದಲ್ಲಿ ನಿಜವಾದ ವೈರಾಗಿತ್ತು, ಅದನ್ನ ಜನ ಮೇಜಿನಡಿ ತೆವಳಿಕೊಂಡು ಹುಡುಕ್ತಿದ್ರು ಅಂತ ಗೊತ್ತಾಗಿದ್ದು ಕೆಲಸಕ್ಕೆ ಸೇರಿದ ಮೇಲೆ. ನಮ್ಮ ಟೀಮಿನ ಹಿರಿಯರೊಬ್ಬರು ತೊಂಬತ್ತರ ದಶಕದಲ್ಲಿ ಆಫೀಸುಗಳಿಗೆ ನೆಟ್‌ವರ್ಕ್ ಹಾಕೋ ಕೆಲಸ ಮಾಡ್ತಿದ್ರು. ಟೀ ಬ್ರೇಕಿನಲ್ಲಿ ಅವರನ್ನ ಆ ವಿಷಯಕ್ಕೆ ಎಳೆದ್ರೆ ಆವತ್ತಿನ ಸ್ಟ್ಯಾಂಡಪ್ ಮೀಟಿಂಗ್ ಅರ್ಧ ಗಂಟೆ ತಡ.

ಮೊದಲು ಸ್ವಲ್ಪ ಹಿನ್ನೆಲೆ. 1973ರಲ್ಲಿ ಕ್ಯಾಲಿಫೋರ್ನಿಯಾದ ಝೆರಾಕ್ಸ್ ಪಾರ್ಕ್ ಸಂಶೋಧನಾಲಯದಲ್ಲಿ ಬಾಬ್ ಮೆಟ್‌ಕಾಫ್ ಮತ್ತು ಡೇವಿಡ್ ಬಾಗ್ಸ್ ಈಥರ್ನೆಟ್ ಕಟ್ಟೋಕೆ ಶುರು ಮಾಡಿದ್ರು. ಹವಾಯಿ ವಿಶ್ವವಿದ್ಯಾಲಯದ ಅಲೋಹಾನೆಟ್ ಅನ್ನೋ ರೇಡಿಯೋ ಜಾಲ ಅವರಿಗೆ ಪ್ರೇರಣೆ. ಅಲ್ಲಿ ಎಲ್ಲರಿಗೂ ಸೇರಿ ಇದ್ದದ್ದು ಗಾಳಿ, ಇಲ್ಲಿ ಗಾಳಿಯ ಬದಲು ಒಂದು ಕೇಬಲ್. ಮಾತಾಡೋ ಮುಂಚೆ ಕಿವಿಗೊಡು. ಬೇರೆಯವರು ಮಾತಾಡ್ತಿದ್ರೆ ಸುಮ್ಮನಿರು. ಇಬ್ಬರೂ ಒಟ್ಟಿಗೆ ಬಾಯಿ ತೆರೆದು ಡಿಕ್ಕಿಯಾದ್ರೆ ಇಬ್ಬರೂ ನಿಲ್ಲಿಸಿ, ಸ್ವಲ್ಪ ಹೊತ್ತು ಬಿಟ್ಟು ಮತ್ತೆ ಪ್ರಯತ್ನಿಸಿ. ಮೊದಲ ವೇಗ 2.94 ಎಂಬಿಪಿಎಸ್. 1980ರ ಸೆಪ್ಟೆಂಬರಿನಲ್ಲಿ ಡಿಜಿಟಲ್, ಇಂಟೆಲ್, ಝೆರಾಕ್ಸ್ ಮೂರೂ ಕಂಪನಿ ಸೇರಿ 10 ಎಂಬಿಪಿಎಸ್‌ಗೆ ಒಂದು ನಿಯಮಾವಳಿ ಹೊರತಂದವು. ಆಮೇಲೆ ಐಇಇಇ ಸಂಸ್ಥೆ ಅದನ್ನ ಸ್ವಲ್ಪ ತಿದ್ದಿ 802.3 ಅಂತ ಹೆಸರಿಟ್ಟಿತು. ಈ 'ಸ್ವಲ್ಪ ತಿದ್ದಿ' ಅನ್ನೋದನ್ನ ನೆನಪಿಟ್ಟುಕೊಳ್ಳಿ, ಅದರಿಂದಾದ ತಲೆನೋವಿಗೆ ಮುಂದೆ ಬರ್ತೀನಿ.

ಮೊದಲು ಬಂದದ್ದು ದಪ್ಪ ಕೇಬಲ್. ಹೆಬ್ಬೆರಳಿನ ದಪ್ಪ, ಸಾಮಾನ್ಯವಾಗಿ ಹಳದಿ ಬಣ್ಣ, ತೋಟಕ್ಕೆ ನೀರು ಬಿಡೋ ಪೈಪಿನ ಹಾಗೆ ಬಗ್ಗಿಸೋದೇ ಕಷ್ಟ. ಒಂದು ತುಂಡು 500 ಮೀಟರ್ ತನಕ ಹೋಗಬಹುದು, ಅದಕ್ಕೆ 100 ಕಂಪ್ಯೂಟರ್ ತನಕ ಕಟ್ಟಬಹುದು. ಎರಡೂವರೆ ಮೀಟರಿಗೊಂದು ಗುರುತು ಇರ್ತಿತ್ತು, ಆ ಗುರುತಿನ ಜಾಗದಲ್ಲೇ ಜೋಡಣೆ ಮಾಡಬೇಕು. ಜೋಡಣೆ ಅಂದ್ರೆ ಕೇಬಲ್ ಕತ್ತರಿಸೋದಲ್ಲ. ಅದಕ್ಕೆ ಡ್ರಿಲ್ಲಿನಿಂದ ತೂತು ಕೊರೆದು, ಒಳಗಿನ ತಾಮ್ರ ಮುಟ್ಟೋ ಹಾಗೆ ಒಂದು ಮೊಳೆ ಚುಚ್ಚೋದು. ಈ ಸಾಧನಕ್ಕೆ 'ವ್ಯಾಂಪೈರ್ ಟ್ಯಾಪ್' ಅಂತಲೇ ಹೆಸರು, ರಕ್ತ ಹೀರೋ ಪಿಶಾಚಿಯ ಹಲ್ಲು ಅಂತ. ಸ್ವಲ್ಪ ಕಡಿಮೆ ಕೊರೆದ್ರೆ ತಾಮ್ರ ಸಿಗಲ್ಲ. ಹೊರಗಿನ ಜಾಲರಿಯ ಒಂದು ಎಳೆ ಒಳಗಿನ ತಾಮ್ರಕ್ಕೆ ತಗುಲಿದ್ರೆ ಶಾರ್ಟ್. ಆಗ ನಿಮ್ಮ ಕಂಪ್ಯೂಟರ್ ಅಷ್ಟೇ ಅಲ್ಲ, ಆ ಕೇಬಲ್ಲಿನಲ್ಲಿ ಇರೋರೆಲ್ಲ ಔಟ್.

ಟ್ಯಾಪಿನ ಜೊತೆ ಟ್ರಾನ್ಸೀವರ್ ಅನ್ನೋ ಪುಟ್ಟ ಡಬ್ಬಿ, ಅಲ್ಲಿಂದ ಕಂಪ್ಯೂಟರಿನ ತನಕ ಹದಿನೈದು ಪಿನ್ನಿನ ಇನ್ನೊಂದು ಕೇಬಲ್. ಇದರ ಕನೆಕ್ಟರಿಗೆ ಸ್ಕ್ರೂ ಇರಲಿಲ್ಲ, ಜಾರಿಸಿ ಕೂರಿಸೋ ಒಂದು ತಗಡಿನ ಚಿಲಕ ಇತ್ತು. ಕೇಬಲ್ ಭಾರ, ಚಿಲಕ ತೆಳು. ಜಗ್ಗಿ ಜಗ್ಗಿ ಸಡಿಲ ಆಗಿ, ಪೂರ್ತಿ ಬೀಳದೆ ಅರ್ಧ ಕಳಚಿಕೊಂಡು ನಿಲ್ತಿತ್ತು. ಪೂರ್ತಿ ಬಿದ್ದಿದ್ರೆ ಕಣ್ಣಿಗಾದ್ರೂ ಕಾಣಿಸ್ತಿತ್ತು. ಹಳೇ ಕಾಲದ ನೆಟ್‌ವರ್ಕ್ ಮಂದಿ ಈ ಒಂದು ಚಿಲಕಕ್ಕೆ ಹಾಕಿದಷ್ಟು ಶಾಪ ಬಹುಶಃ ಬೇರೆ ಯಾವ ತಗಡಿನ ತುಂಡಿಗೂ ಹಾಕಿರಲಿಕ್ಕಿಲ್ಲ.

ದಪ್ಪ ಕೇಬಲ್ ದುಬಾರಿ ಅಂತ ಆಮೇಲೆ ತೆಳು ಕೇಬಲ್ ಬಂತು. ಕಾಗದದ ಮೇಲೆ 10ಬೇಸ್2, ಬಾಯಿಮಾತಿನಲ್ಲಿ 'ಥಿನ್‌ನೆಟ್' ಅಥವಾ 'ಚೀಪರ್‌ನೆಟ್'. ನಮ್ಮ ಹಿರಿಯರು ಕೈಯಾರೆ ಹಾಕಿದ್ದು ಇದನ್ನೇ. ನೋಡೋಕೆ ಟಿವಿ ಕೇಬಲ್ ಥರ. ಪ್ರತಿ ಕಂಪ್ಯೂಟರಿನ ಹಿಂದೆ ಇಂಗ್ಲಿಷಿನ ಟಿ ಅಕ್ಷರದ ಆಕಾರದ ಒಂದು ಕನೆಕ್ಟರ್. ಅದರ ಕಾಲು ಕಾರ್ಡಿಗೆ, ಎರಡು ಕೈ ಎಡಗಡೆ, ಬಲಗಡೆಯ ಕಂಪ್ಯೂಟರಿಗೆ ಹೋಗೋ ಕೇಬಲ್ಲಿಗೆ. ಹೀಗೆ ಒಂದರಿಂದ ಒಂದಕ್ಕೆ, ಹೂವಿನ ಮಾಲೆ ಪೋಣಿಸಿದ ಹಾಗೆ, 185 ಮೀಟರ್ ತನಕ, 30 ಕಂಪ್ಯೂಟರ್ ತನಕ. ಮಾಲೆಯ ಎರಡೂ ತುದಿಗೆ ಟರ್ಮಿನೇಟರ್ ಅಂತ ಒಂದೊಂದು ಬೆರಳ ತುದಿಯಷ್ಟು ಮುಚ್ಚಳ. ಅದರೊಳಗೆ 50 ಓಮ್‌ನ ಒಂದು ರೆಸಿಸ್ಟರ್, ಅಷ್ಟೇ.

ಗಣೇಶನ ಪೆಂಡಾಲಿಗೆ ಹಾಕೋ ಹಳೇ ಸೀರಿಯಲ್ ಸೆಟ್ ನೆನಪಿದೆಯಾ? ಒಂದು ಬಲ್ಬ್ ಹೋದ್ರೆ ಇಡೀ ಸರ ಆರಿಹೋಗ್ತಿತ್ತು, ಯಾವ ಬಲ್ಬ್ ಅಂತ ಒಂದೊಂದೇ ತಿರುಚಿ ನೋಡಬೇಕಿತ್ತು. ಥಿನ್‌ನೆಟ್ ಹೆಚ್ಚುಕಮ್ಮಿ ಅದೇ ಸ್ವಭಾವ, ಕಾರಣ ಮಾತ್ರ ಬೇರೆ. ಕೇಬಲ್ ಮಧ್ಯದಲ್ಲಿ ತುಂಡಾದ್ರೆ ಎಡಗಡೆಯ ಹತ್ತು ಜನ ತಮ್ಮೊಳಗೆ ಮಾತಾಡಬಹುದು, ಬಲಗಡೆಯ ಇಪ್ಪತ್ತು ಜನ ತಮ್ಮೊಳಗೆ ಮಾತಾಡಬಹುದು ಅಂತ ನಮಗೆ ಅನಿಸುತ್ತೆ. ಆಗಲ್ಲ. ತುಂಡಾದ ತುದಿಯಲ್ಲಿ ಟರ್ಮಿನೇಟರ್ ಇಲ್ಲ. ಅಲ್ಲಿಗೆ ತಲುಪಿದ ಸಿಗ್ನಲ್ಲಿಗೆ ಮುಂದೆ ಹೋಗೋಕೆ ದಾರಿ ಇಲ್ಲ, ಬಾವಿಗೆ ಬಗ್ಗಿ ಕೂಗಿದ ದನಿಯ ಹಾಗೆ ಅದು ತಿರುಗಿ ಬರುತ್ತೆ. ಬಂದ ಪ್ರತಿಧ್ವನಿ ಹೊಸ ಮಾತಿನ ಜೊತೆ ಕಲಸಿಕೊಳ್ಳುತ್ತೆ. ಕಾರ್ಡುಗಳು ಅದನ್ನ ಡಿಕ್ಕಿ ಅಂತಲೋ ಕಸ ಅಂತಲೋ ತಿಳಿದು ಸುಮ್ಮನಾಗ್ತವೆ. ಒಬ್ಬರ ಪ್ಲಗ್ ಕಳಚಿದ್ದಕ್ಕೆ ಮೂವತ್ತು ಜನರ ಕೆಲಸ ನಿಲ್ಲುತ್ತೆ.

ಕಳಚೋದಾದ್ರೂ ಯಾಕೆ? ಬಹಳ ಸಲ ತೀರಾ ಸಾಮಾನ್ಯ ಕಾರಣಕ್ಕೆ. ಯಾರೋ ಮೇಜು ಸರಿಸ್ತಾರೆ. ಯಾರೋ ಕಸ ಗುಡಿಸುವಾಗ ಪೊರಕೆ ತಗುಲುತ್ತೆ. ಯಾರದ್ದೋ ಕಂಪ್ಯೂಟರ್ ರಿಪೇರಿಗೆ ಹೋಗಬೇಕು. ಆಗ ಸರಿಯಾದ ಕ್ರಮ ಅಂದ್ರೆ ಟಿ ಕನೆಕ್ಟರನ್ನ ಕಾರ್ಡಿನಿಂದ ಕಿತ್ತು, ಎರಡೂ ಕಡೆಯ ಕೇಬಲ್ ಟಿ‌ಗೆ ಅಂಟಿಕೊಂಡೇ ಇರೋಕೆ ಬಿಡೋದು. ಹಾಗೆ ಬಿಟ್ರೆ ಉಳಿದೋರಿಗೆ ಏನೂ ಆಗಲ್ಲ. ಆದರೆ ಗೊತ್ತಿಲ್ಲದೋರು ಟಿ‌ಯನ್ನ ಕಾರ್ಡಿನಲ್ಲೇ ಬಿಟ್ಟು ಎರಡು ಕೇಬಲ್ ಕಳಚಿ ಕಂಪ್ಯೂಟರ್ ಎತ್ತಿಕೊಂಡು ಹೋಗ್ತಿದ್ರು. ಅಲ್ಲಿಗೆ ಮಹಡಿ ಪೂರ್ತಿ ಖಾಲಿ ಪರದೆ. ಎತ್ತಿಕೊಂಡು ಹೋದವರಿಗೆ ಮಾತ್ರ ಇದು ಗೊತ್ತೇ ಆಗ್ತಿರಲಿಲ್ಲ, ಅವರ ಕಂಪ್ಯೂಟರ್ ಹೇಗೂ ಆಫ್ ಆಗಿತ್ತಲ್ಲ!

ಹುಡುಕೋ ವಿಧಾನ ನನಗಂತೂ ಬಹಳ ಇಷ್ಟವಾಯ್ತು. ಎಲ್ಲ ಕಂಪ್ಯೂಟರ್ ಆಫ್ ಮಾಡಿ, ಯಾವುದಾದ್ರೂ ಒಂದು ಟಿ ಹತ್ತಿರ ಮಲ್ಟಿಮೀಟರ್ ಹಿಡೀಬೇಕು. ಎರಡು ತುದಿಯ 50 ಓಮ್ ರೆಸಿಸ್ಟರುಗಳು ಪ್ಯಾರಲಲ್ ಇರೋದ್ರಿಂದ ಸರಿಯಾಗಿದ್ರೆ ಸುಮಾರು 25 ಓಮ್ ತೋರಿಸುತ್ತೆ. 50 ತೋರಿಸಿದ್ರೆ ಒಂದು ಟರ್ಮಿನೇಟರ್ ಕಾಣೆಯಾಗಿದೆ, ಇಲ್ಲವೇ ಎಲ್ಲೋ ಒಂದು ಕಡೆ ಕೇಬಲ್ ತುಂಡಾಗಿದೆ. ಸೊನ್ನೆ ಹತ್ತಿರ ಬಂದ್ರೆ ಶಾರ್ಟ್. ಆಮೇಲೆ ಕೈಯಲ್ಲೊಂದು ಹೆಚ್ಚಿನ ಟರ್ಮಿನೇಟರ್ ಹಿಡಿದು ಮಾಲೆಯ ನಟ್ಟನಡುವೆ ಕಳಚಿ, ಅಲ್ಲಿ ಅದನ್ನ ಹಾಕಿ ಅರ್ಧ ನೆಟ್‌ವರ್ಕ್ ಪರೀಕ್ಷಿಸೋದು. ಈ ಅರ್ಧ ಸರಿ ಇದ್ರೆ ತಪ್ಪು ಆ ಅರ್ಧದಲ್ಲಿ. ಅದರಲ್ಲಿ ಮತ್ತೆ ಅರ್ಧ. ಮೂವತ್ತು ಕಂಪ್ಯೂಟರಿಗೆ ಐದು ಸಲದೊಳಗೆ ಜಾಗ ಸಿಗುತ್ತೆ. ನಾವು ಗಿಟ್ ಬೈಸೆಕ್ಟ್ ಅಂತ ಕಮಾಂಡ್ ಹೊಡೆದು ಕಾಫಿ ಕುಡಿಯೋಕೆ ಹೋಗ್ತೀವಲ್ಲ, ಅದನ್ನೇ ಅವರು ಮಂಡಿಯೂರಿ ಮಾಡ್ತಿದ್ರು. "ಮೊದಲು ಟರ್ಮಿನೇಟರ್ ನೋಡು, ಆಮೇಲೆ ದೇವರನ್ನ ನೆನಿ" ಅನ್ನೋದು ನಮ್ಮ ಹಿರಿಯರ ಮಾತು.

ತುಂಡಾದದ್ದು ಹೀಗಾದ್ರೂ ಸಿಗುತ್ತೆ. ಸಿಗದೇ ಇರೋದು ಅರ್ಧಂಬರ್ಧ ಕೆಲಸ ಮಾಡೋದು. ಒಂದು ಉದಾಹರಣೆ, ತಪ್ಪು ಕೇಬಲ್. ಥಿನ್‌ನೆಟ್ಟಿಗೆ ಬೇಕಾದದ್ದು ಆರ್‌ಜಿ-58, ಅದು 50 ಓಮ್. ಟಿವಿಗೆ ಹಾಕೋ ಆರ್‌ಜಿ-59 ಅನ್ನೋದು 75 ಓಮ್. ಆರ್ಕ್‌ನೆಟ್ ಅಂತ ಇನ್ನೊಂದು ಹಳೇ ಜಾಲ ಇತ್ತು, ಅದಕ್ಕೆ ಬಳಸ್ತಿದ್ದ ಆರ್‌ಜಿ-62 ಅನ್ನೋದು 93 ಓಮ್. ಮೂರೂ ಕಪ್ಪು, ಮೂರೂ ಹೆಚ್ಚುಕಮ್ಮಿ ಒಂದೇ ದಪ್ಪ, ಮೂರಕ್ಕೂ ಅದೇ ಬಿಎನ್‌ಸಿ ಪ್ಲಗ್. ಮೈಮೇಲಿನ ಅಕ್ಷರ ಓದದೇ ಇದ್ರೆ ಗೊತ್ತಾಗಲ್ಲ. ಎರಡು ಮೂರು ಕಂಪ್ಯೂಟರ್ ಇರೋವರೆಗೂ ಹೇಗೋ ನಡೆದುಹೋಗುತ್ತೆ. ಹೊಸಬರು ಸೇರಿಕೊಂಡು ಮಾಲೆ ಉದ್ದ ಆದಾಗ ತೊಂದರೆ ಶುರು. ಆಗ ಎಲ್ಲರ ಬೆರಳೂ ಹೊಸದಾಗಿ ಬಂದ ಕಂಪ್ಯೂಟರ್ ಕಡೆ. ನಿಜವಾದ ತಪ್ಪು ಎರಡು ವರ್ಷದ ಹಿಂದೆ ಯಾರೋ ಗೋಡೆಯೊಳಗೆ ಹಾಕಿ ಹೋದ ಮೂರು ಮೀಟರ್ ಟಿವಿ ಕೇಬಲ್ಲಿನದ್ದು.

ನನ್ನ ಪ್ರಕಾರ ಆ ಕಾಲದ ನೆಟ್‌ವರ್ಕಿನ ನಿಜವಾದ ರೋಗ ಇದೇ. ಅದು ಕೆಡ್ತಿತ್ತು ಅನ್ನೋದು ದೊಡ್ಡ ವಿಷಯವಲ್ಲ, ಎಲ್ಲವೂ ಕೆಡುತ್ತೆ. ಯಾರಿಂದ ಕೆಟ್ಟಿತು ಅಂತ ಹೇಳೋಕೆ ಆಗ್ತಿರಲಿಲ್ಲ. ತಪ್ಪಿಗೆ ವಿಳಾಸ ಇರಲಿಲ್ಲ. ಇದರ ಕೆಟ್ಟ ರೂಪ ನೋಡಬೇಕಂದ್ರೆ ಕೇಬಲ್ ಬಿಟ್ಟು ಕಂಪನಿಗಳ ನಡುವಿನ ಹೊಂದಾಣಿಕೆಗೆ ಬರಬೇಕು. ಅಲ್ಲಿ ಎಲ್ಲ ಪ್ಲಗ್ಗೂ ಸರಿಯಾಗಿ ಕೂತಿರುತ್ತೆ, ಆದರೂ ಕೆಲಸ ಆಗಲ್ಲ.

ಟ್ರಾನ್ಸೀವರ್ ಡಬ್ಬಿಯನ್ನೇ ತಗೊಳ್ಳಿ. ಡಿಕ್ಕಿ ಪತ್ತೆ ಮಾಡೋ ಅದರ ಸರ್ಕ್ಯೂಟ್ ಬದುಕಿದೆಯೋ ಇಲ್ಲವೋ ಅಂತ ಕಂಪ್ಯೂಟರಿಗೆ ಗೊತ್ತಾಗಲಿ ಅಂತ, ಪ್ರತಿ ಪ್ಯಾಕೆಟ್ ಕಳಿಸಿದ ಮೇಲೆ ಅದು ಡಿಕ್ಕಿಯ ತಂತಿಯ ಮೇಲೇ ಒಂದು ಚಿಕ್ಕ ಮಿಡಿತ ಕಳಿಸುತ್ತೆ. ಇದಕ್ಕೆ 'ಹಾರ್ಟ್‌ಬೀಟ್' ಅಂತ ಹೆಸರು. ಒಳ್ಳೇ ಯೋಚನೆ. ಆದರೆ 1980ರ ಮೊದಲ ನಿಯಮಾವಳಿಯಲ್ಲಿ ಇದು ಇರಲಿಲ್ಲ, 1982ರ ಎರಡನೇ ಆವೃತ್ತಿಯಲ್ಲಿ ಬಂತು. ಹಳೇ ಡಬ್ಬಿಗೆ ಹೊಸ ಕಾರ್ಡ್ ಹಾಕಿದ್ರೆ ಕಾರ್ಡು "ಹೃದಯ ನಿಂತಿದೆ" ಅಂತ ದೂರು ಕೊಡುತ್ತೆ. ಇನ್ನೊಂದು ಕಡೆ, ಎರಡು ಕೇಬಲ್ ಜೋಡಿಸೋ ರಿಪೀಟರ್ ಅನ್ನೋ ಸಾಧನಕ್ಕೆ ಈ ಮಿಡಿತ ಇರಲೇಬಾರದು. ಇದ್ರೆ ಅದು ಪ್ರತಿ ಮಿಡಿತವನ್ನೂ ನಿಜವಾದ ಡಿಕ್ಕಿ ಅಂತ ತಿಳಿದು ಎಲ್ಲರನ್ನೂ ನಿಲ್ಲಿಸುತ್ತೆ. ಅದಕ್ಕೇ ಡಬ್ಬಿಯ ಮೇಲೆ ಒಂದು ಪುಟ್ಟ ಸ್ವಿಚ್ಚು. ಕಂಪ್ಯೂಟರಿಗಾದ್ರೆ ಆನ್, ರಿಪೀಟರಿಗಾದ್ರೆ ಆಫ್. ಸ್ವಿಚ್ಚು ತಪ್ಪಿದ್ರೆ ನೆಟ್‌ವರ್ಕ್ ಸಾಯಲ್ಲ, ಎಳೆಯುತ್ತೆ. ಡಬ್ಬಿ ಇರೋದು ಫಾಲ್ಸ್ ಸೀಲಿಂಗಿನ ಮೇಲೆ. ಏಣಿ ತಂದು ನೋಡೋಣ ಅನ್ನೋ ಯೋಚನೆ ಬರೋ ಹೊತ್ತಿಗೆ ಎಷ್ಟು ದಿನ ಆಗಿರುತ್ತೋ.

ಈಗ ಆ 'ಸ್ವಲ್ಪ ತಿದ್ದಿ' ವಿಷಯ. ಪ್ರತಿ ಈಥರ್ನೆಟ್ ಫ್ರೇಮಿನ ತಲೆಯಲ್ಲಿ ಕಳಿಸಿದವರ, ಪಡೆಯುವವರ ವಿಳಾಸ ಆದ ಮೇಲೆ ಎರಡು ಬೈಟ್ ಇರುತ್ತೆ. ಮೂರು ಕಂಪನಿಗಳ ನಿಯಮದಲ್ಲಿ ಅದರ ಅರ್ಥ 'ಒಳಗಿರೋದು ಯಾವ ಬಗೆಯ ಸರಕು'. ಐಇಇಇ ನಿಯಮದಲ್ಲಿ ಅದರ ಅರ್ಥ 'ಒಳಗಿರೋದು ಎಷ್ಟು ಉದ್ದ', ಸರಕಿನ ಬಗೆ ಹೇಳೋಕೆ ಒಳಗೆ 802.2 ಅಂತ ಇನ್ನೊಂದು ತಲೆಬರಹ. ಇವೆರಡನ್ನ ಬೇರೆ ಮಾಡೋಕೆ ಒಂದು ಉಪಾಯ ಇದೆ. ಉದ್ದ 1500 ಮೀರಲ್ಲ, ಬಗೆಯ ಸಂಖ್ಯೆಗಳನ್ನ ಅದಕ್ಕಿಂತ ದೊಡ್ಡದಾಗಿಟ್ಟಿದ್ದಾರೆ. ಹಾಗಾಗಿ ಒಂದೇ ಕೇಬಲ್ಲಿನ ಮೇಲೆ ಎರಡೂ ಓಡಾಡಬಹುದು. ಇಲ್ಲಿಗೆ ನಿಂತಿದ್ರೆ ಚೆನ್ನಾಗಿತ್ತು. ನೊವೆಲ್ ಕಂಪನಿಯ ನೆಟ್‌ವೇರ್ ಆಗ ಆಫೀಸುಗಳ ರಾಜ. ಅವರು ಉದ್ದದ ಪದ್ಧತಿ ತಗೊಂಡ್ರು, ಆದರೆ ಒಳಗಿನ 802.2 ತಲೆಬರಹ ಹಾಕದೆ ನೇರವಾಗಿ ತಮ್ಮ ಸರಕು ತುಂಬಿದ್ರು. ಅದು ಮೂರನೇ ಬಗೆ. ಆಮೇಲೆ ಅವರೇ ನೆಟ್‌ವೇರ್ 3.12ರಲ್ಲಿ ಡೀಫಾಲ್ಟ್ ಬದಲಿಸಿ 802.2 ಮಾಡಿದ್ರು. ಪರಿಣಾಮ ಊಹಿಸಿ. ಹೊಸ ಸರ್ವರ್ ಬಂತು, ಕೇಬಲ್ ಸರಿ, ಕಾರ್ಡ್ ಸರಿ, 25 ಓಮ್ ಸರಿ. ಹಳೇ ಸೆಟ್ಟಿಂಗಿನ ಕಂಪ್ಯೂಟರುಗಳಿಗೆ ಮಾತ್ರ ಸರ್ವರ್ ಕಾಣಿಸ್ತಾನೇ ಇಲ್ಲ. ಒಂದೇ ಕೋಣೆಯಲ್ಲಿ ಇಬ್ಬರು ಕನ್ನಡದಲ್ಲೇ ಮಾತಾಡ್ತಿದ್ದಾರೆ, ಆದರೆ ಪರಸ್ಪರರ ಮಾತು ಕಿವಿಗೇ ಬೀಳ್ತಿಲ್ಲ ಅನ್ನೋ ಸ್ಥಿತಿ. ಸಂರಚನಾ ಫೈಲಿನಲ್ಲಿ ಒಂದು ಸಾಲು ಬದಲಿಸಿದ್ರೆ ಮುಗೀತು. ಯಾವ ಸಾಲು ಅಂತ ಗೊತ್ತಿದ್ರೆ.

ಕಾರ್ಡುಗಳ ಕಥೆ ಇನ್ನೂ ರಂಗುರಂಗಾಗಿದೆ. ಆಗಿನ ಪಿಸಿಯಲ್ಲಿ ಪ್ಲಗ್ ಅಂಡ್ ಪ್ಲೇ ಇಲ್ಲ. ಕಾರ್ಡಿನ ಮೇಲೆ ಜಂಪರ್ ಅಂತ ಪುಟ್ಟ ಟೋಪಿಗಳು, ಅವನ್ನ ಎತ್ತಿಟ್ಟು ಐಆರ್‌ಕ್ಯೂ ನಂಬರ್ ನಿಗದಿ ಮಾಡಬೇಕು. ಬಹಳ ಜನಪ್ರಿಯವಾಗಿದ್ದ ಎನ್‌ಇ2000 ಕಾರ್ಡು ಕಾರ್ಖಾನೆಯಿಂದ ಬರುವಾಗ ಐಆರ್‌ಕ್ಯೂ 3ರಲ್ಲಿ ಇರ್ತಿತ್ತು. ಪಿಸಿಯ ಎರಡನೇ ಸೀರಿಯಲ್ ಪೋರ್ಟ್ ಕೂಡ ಅದೇ 3. ಎರಡನೇ ಪೋರ್ಟಿಗೆ ಏನೂ ಹಾಕದೇ ಇರೋವರೆಗೂ ತೊಂದರೆ ಗೊತ್ತಾಗದೆ ಇರಬಹುದು. ಯಾರೋ ಒಂದಿನ ಮೋಡೆಮ್ ಹಾಕಿ ಡಯಲ್ ಮಾಡ್ತಾರೆ, ನೆಟ್‌ವರ್ಕ್ ಹೆಪ್ಪುಗಟ್ಟುತ್ತೆ.

ಈ ಎನ್‌ಇ2000ಕ್ಕೆ ನಕಲುಗಳೂ ಲೆಕ್ಕವಿಲ್ಲದಷ್ಟು. 'ಎನ್‌ಇ2000 ಕಂಪ್ಯಾಟಿಬಲ್' ಅನ್ನೋ ಮಾತಿಗೆ ಮಾರುಕಟ್ಟೆಯಲ್ಲಿ ಇದ್ದ ಅರ್ಥ ಒಂದು, ಡ್ರೈವರ್ ಬರೆಯೋರಿಗೆ ಸಿಕ್ಕ ಅರ್ಥ ಇನ್ನೊಂದು. ಲಿನಕ್ಸಿನ ಆರಂಭದ ಈಥರ್ನೆಟ್ ಡ್ರೈವರುಗಳಲ್ಲಿ ಬಹುಪಾಲು ಬರೆದವರು ಡೊನಾಲ್ಡ್ ಬೆಕರ್. ಅವರ ಎನ್‌ಇ ಡ್ರೈವರಿನ ಕೋಡು ನೋಡಿದ್ರೆ ಒಂದು ಪಟ್ಟಿ ಸಿಗುತ್ತೆ, ಅದರ ಹೆಸರೇ 'ಬ್ಯಾಡ್ ಕ್ಲೋನ್ ಲಿಸ್ಟ್'. ಅಸಲಿ ಕಾರ್ಡಿನೊಳಗೆ ಗುರುತಿಗಾಗಿ 57 ಅನ್ನೋ ಹೆಕ್ಸ್ ಸಂಖ್ಯೆ ಎರಡು ಸಲ ಇರಬೇಕು. ನಕಲು ಮಾಡಿದ ಕೆಲವರು ಅದನ್ನೇ ಬಿಟ್ಟಿದ್ದರು. ಅಂಥ ಕಾರ್ಡುಗಳ ವಿಳಾಸದ ಮೊದಲ ಮೂರು ಬೈಟ್ ನೋಡಿ, "ಓ ಇದು ಆ ಕೆಟ್ಟ ನಕಲು" ಅಂತ ಗುರುತಿಸೋಕೆ ಆ ಪಟ್ಟಿ. ಯಾರದ್ದೋ ಹಾರ್ಡ್‌ವೇರ್ ಉಳಿತಾಯ ಕೊನೆಗೆ ಇನ್ಯಾರದ್ದೋ ಕೋಡಿನಲ್ಲಿ ಇಫ್ ಕಂಡೀಷನ್ ಆಗಿ ಕೂರುತ್ತೆ. ನಮ್ಮ ಕೆಲಸದ ಅರ್ಧ ಇದೇ ಅಲ್ವಾ?

ನನಗೆ ಅತ್ಯಂತ ಕಾಡಿದ ಕೇಸು ಮಾತ್ರ ಬೇರೆ. ಮೆಟ್‌ಕಾಫ್ 1979ರಲ್ಲಿ ಶುರು ಮಾಡಿದ ಕಂಪನಿ 3ಕಾಮ್. ಅವರು ಐಬಿಎಂ ಪಿಸಿಗೆ 1982ರಲ್ಲಿ ಈಥರ್‌ಲಿಂಕ್ ಕಾರ್ಡು ತಂದರು. ಪಿಸಿಗೆ ಈಥರ್ನೆಟ್ ತಲುಪಿಸಿದ್ದೇ ದೊಡ್ಡ ಸಾಧನೆ. ಆದರೆ ಬೆಲೆ ಇಳಿಸೋಕೆ ಅದರಲ್ಲಿ ಇಟ್ಟಿದ್ದು ಒಂದೇ ಒಂದು ಪ್ಯಾಕೆಟ್ ಹಿಡಿಯೋ ಜಾಗ, ಕಳಿಸೋಕೂ ಅದೇ, ಪಡೆಯೋಕೂ ಅದೇ. ಬಂದ ಪ್ಯಾಕೆಟ್ಟನ್ನ ಪಿಸಿ ಓದಿಕೊಳ್ಳೋ ತನಕ ಇನ್ನೊಂದು ಬಂದ್ರೆ ಕಾರ್ಡು ಅದನ್ನ ನೋಡೋದೇ ಇಲ್ಲ. ನಿಯಮದ ಪ್ರಕಾರ ಎರಡು ಪ್ಯಾಕೆಟ್ ನಡುವೆ ಇರಬೇಕಾದ ಬಿಡುವು ಬರೀ 9.6 ಮೈಕ್ರೋಸೆಕೆಂಡ್.

ಕೆಲವು ವರ್ಷದ ನಂತರ ಸನ್ ಕಂಪನಿಯ ವರ್ಕ್‌ಸ್ಟೇಷನ್ನುಗಳು ಎನ್‌ಎಫ್‌ಎಸ್ ಅನ್ನೋ ಫೈಲ್ ಹಂಚಿಕೆ ವ್ಯವಸ್ಥೆ ತಂದವು. ಅದು 8 ಕಿಲೋಬೈಟಿನ ತುಂಡು ಕಳಿಸುತ್ತೆ. ಈಥರ್ನೆಟ್ ಫ್ರೇಮಿಗೆ 1500 ಬೈಟ್ ಮಿತಿ, ಹಾಗಾಗಿ ಆ ತುಂಡು ಆರು ಪ್ಯಾಕೆಟ್ ಆಗುತ್ತೆ. ವೇಗದ ಯಂತ್ರ ಆರನ್ನೂ ಒಂದರ ಬೆನ್ನಿಗೊಂದು ಎಸೆಯುತ್ತೆ. ಆ ಕಡೆ ಬಡ ಪಿಸಿ ಕಾರ್ಡು ಮೊದಲನೆಯದನ್ನ ಹಿಡಿದು, ಎರಡನೆಯದನ್ನ ಬಿಟ್ಟು, ಮೂರನೆಯದನ್ನ ಹಿಡಿಯುತ್ತೆ. ಆರರಲ್ಲಿ ಒಂದು ಬಿಟ್ರೂ ಇಡೀ 8 ಕಿಲೋಬೈಟ್ ವ್ಯರ್ಥ. ಸ್ವಲ್ಪ ಹೊತ್ತು ಕಾದು ಪೂರ್ತಿ ಮತ್ತೆ ಕೇಳುತ್ತೆ. ಮತ್ತೆ ಆರು ಬರುತ್ತೆ, ಮತ್ತೆ ಒಂದು ಬೀಳುತ್ತೆ. ಪಿಂಗ್ ಮಾಡಿದ್ರೆ ಸೊಗಸಾಗಿ ಉತ್ತರ, ಯಾಕಂದ್ರೆ ಅದು ಒಂದೇ ಚಿಕ್ಕ ಪ್ಯಾಕೆಟ್. ಚಿಕ್ಕ ಫೈಲ್ ತೆರೆಯುತ್ತೆ. ದೊಡ್ಡ ಫೈಲ್ ಮಾತ್ರ ಕೊನೆಯೇ ಇಲ್ಲದ ಹಾಗೆ ಕಾಯಿಸುತ್ತೆ.

ಇಲ್ಲಿ ತಪ್ಪು ಯಾರದ್ದು ಹೇಳಿ? ಕಳಿಸೋ ಯಂತ್ರ ನಿಯಮ ಮೀರಿಲ್ಲ, ಬಿಡುವು ಸರಿಯಾಗಿ ಕೊಟ್ಟಿದೆ. ಕಾರ್ಡೂ ನಿಯಮ ಮೀರಿಲ್ಲ. ಪ್ಯಾಕೆಟ್ ಕಳೆದುಹೋಗಬಹುದು ಅನ್ನೋದನ್ನ ಈಥರ್ನೆಟ್ ಮೊದಲೇ ಒಪ್ಪಿಕೊಂಡಿದೆ. ಎನ್‌ಎಫ್‌ಎಸ್ ಕೂಡ ಕಳೆದುಹೋದ್ರೆ ಮತ್ತೆ ಕೇಳ್ತೀನಿ ಅಂತಲೇ ಹೇಳಿದೆ, ಕೇಳ್ತಿದೆ ಕೂಡ. ಮೂವರೂ ನಿರ್ದೋಷಿಗಳು, ಮಧ್ಯದಲ್ಲಿ ಒಬ್ಬ ಬಳಕೆದಾರ ಅರ್ಧ ಗಂಟೆಯಿಂದ ಕಾಯ್ತಿದ್ದಾನೆ. ಪರಿಹಾರವಾಗಿ ಕೈಪಿಡಿಗಳು ಸೂಚಿಸಿದ್ದು 8 ಕಿಲೋಬೈಟ್ ಬದಲು 1 ಕಿಲೋಬೈಟ್ ಕೇಳೋ ಹಾಗೆ ಸೆಟ್ಟಿಂಗ್ ಬದಲಿಸಿ ಅಂತ. ತುಂಡು ಚಿಕ್ಕದು ಮಾಡಿದ್ರೆ ವೇಗ ಹೆಚ್ಚುತ್ತೆ ಅಂದ್ರೆ ಮ್ಯಾನೇಜರಿಗೆ ಹೇಗೆ ವಿವರಿಸ್ತೀರಿ!

ಇದರ ನಡುವೆ ಪಂಡಿತರ ವಾದ ಬೇರೆ ನಡೀತಿತ್ತು. ಈಥರ್ನೆಟ್ ಸಾಮರ್ಥ್ಯದ ಶೇಕಡಾ 37 ತುಂಬಿದ್ರೆ ಡಿಕ್ಕಿಗಳಿಂದ ಕುಸಿಯುತ್ತೆ ಅನ್ನೋ ನಂಬಿಕೆ ಚಾಲ್ತಿಯಲ್ಲಿತ್ತು. 1988ರಲ್ಲಿ ಅದೇ ಬಾಗ್ಸ್, ಜೆಫ್ರಿ ಮೊಗಲ್, ಕ್ರಿಸ್ಟೋಫರ್ ಕೆಂಟ್ ಜೊತೆ ಸೇರಿ ನಿಜವಾದ ಕೇಬಲ್ಲಿನ ಮೇಲೆ ಅಳತೆ ಮಾಡಿ, ಅದಕ್ಕಿಂತ ಬಹಳ ಹೆಚ್ಚು ತುಂಬಿದ್ರೂ ಈಥರ್ನೆಟ್ ನಡೆಯುತ್ತೆ ಅಂತ ತೋರಿಸಿದ್ರು. ಸಿದ್ಧಾಂತದ ಡಿಕ್ಕಿಗಿಂತ ಕೆಟ್ಟ ಕಾರ್ಡು, ಸಡಿಲ ಪ್ಲಗ್ಗುಗಳೇ ಜನರನ್ನ ಹೆಚ್ಚು ಕಾಡಿರಬೇಕು ಅನ್ನೋದು ನನ್ನ ಅನಿಸಿಕೆ.

ಹೊಂದಾಣಿಕೆಯ ರೋಗಕ್ಕೆ ಒಂದು ಮದ್ದು ಕಂಡುಕೊಂಡವರು ಡ್ಯಾನ್ ಲಿಂಚ್. 1986ರಲ್ಲಿ ಅವರು ಟಿಸಿಪಿ/ಐಪಿ ಉಪಕರಣ ಮಾಡೋ ಕಂಪನಿಗಳನ್ನ ಒಂದು ಕಾರ್ಯಾಗಾರಕ್ಕೆ ಸೇರಿಸಿದ್ರು. ಅದು ಬೆಳೆದು ಇಂಟರಾಪ್ ಅನ್ನೋ ಪ್ರದರ್ಶನ ಆಯ್ತು. ಅಲ್ಲಿನ ವಿಶೇಷ ಅಂದ್ರೆ ಪ್ರದರ್ಶನ ಸಭಾಂಗಣದಲ್ಲೇ ಒಂದು ನಿಜವಾದ ನೆಟ್‌ವರ್ಕ್ ಎಳೆದು, ಪ್ರತಿಸ್ಪರ್ಧಿಗಳ ಡಬ್ಬಿಗಳನ್ನ ಒಂದೇ ಜಾಲಕ್ಕೆ ಜೋಡಿಸ್ತಿದ್ರು. "ನಮ್ಮದು ಸರಿ ಇದೆ, ಅವರದ್ದೇ ತಪ್ಪು" ಅಂತ ಫೋನಿನಲ್ಲಿ ಹೇಳೋದು ಸುಲಭ. ಆ 'ಅವರು' ಪಕ್ಕದ ಮಳಿಗೆಯಲ್ಲೇ ಸ್ಕ್ರೂಡ್ರೈವರ್ ಹಿಡಿದು ನಿಂತಿದ್ರೆ ಕಷ್ಟ. ರಾತ್ರಿ ಕೂತು ಇಬ್ಬರೂ ಸೇರಿ ಸರಿ ಮಾಡಲೇಬೇಕು. ಭಾರತದಲ್ಲೂ ಅದೇ 1986ರಲ್ಲಿ ಅರ್ನೆಟ್ ಯೋಜನೆ ಶುರುವಾಗಿತ್ತು, ಬೆಂಗಳೂರಿನ ಐಐಎಸ್‌ಸಿ ಅದರ ಮೊದಲ ಎಂಟು ಸಂಸ್ಥೆಗಳಲ್ಲಿ ಒಂದು.

ಕೇಬಲ್ಲಿನ ರೋಗಕ್ಕೆ ಮದ್ದು ಬಂದದ್ದು ಇನ್ನೊಂದು ದಿಕ್ಕಿನಿಂದ. ಐಬಿಎಂನ ಟೋಕನ್ ರಿಂಗ್ 1985ರಲ್ಲೇ ಪ್ರತಿ ಕಂಪ್ಯೂಟರಿನಿಂದ ಒಂದು ಕೇಂದ್ರ ಡಬ್ಬಿಗೆ ಬೇರೆಬೇರೆ ವೈರು ಎಳೆಯೋ ಪದ್ಧತಿ ತಂದಿತ್ತು. ಅದಕ್ಕೂ ಅದರದ್ದೇ ಹುಚ್ಚಿತ್ತು. 4 ಎಂಬಿಪಿಎಸ್ ಉಂಗುರಕ್ಕೆ 16ರ ಸೆಟ್ಟಿಂಗಿನ ಒಂದು ಕಾರ್ಡು ಸೇರಿದ್ರೆ ಇಡೀ ಉಂಗುರ ತತ್ತರಿಸ್ತಿತ್ತು. ಆದರೆ ನಕ್ಷತ್ರದ ಹಾಗೆ ವೈರು ಎಳೆಯೋ ಯೋಚನೆ ಗಟ್ಟಿಯಾಗಿತ್ತು. ಝೆರಾಕ್ಸ್‌ನಿಂದ ಹೊರಬಂದವರು ಕಟ್ಟಿದ ಸಿನಾಪ್ಟಿಕ್ಸ್ ಕಂಪನಿ ಅದೇ ರೀತಿ ಟೆಲಿಫೋನ್ ವೈರಿನಂಥ ಮಾಮೂಲಿ ವೈರಿನಲ್ಲಿ ಈಥರ್ನೆಟ್ ಓಡಿಸಿ ತೋರಿಸಿತು. 1990ರಲ್ಲಿ ಅದು 10ಬೇಸ್-ಟಿ ಅಂತ ಐಇಇಇ ನಿಯಮ ಆಯ್ತು.

ವೇಗ ಅದೇ 10 ಎಂಬಿಪಿಎಸ್, ದೂರ 100 ಮೀಟರ್. ಕಾಗದದ ಮೇಲೆ ನೋಡಿದ್ರೆ ಹಿಂದಿನದಕ್ಕಿಂತ ಕಡಿಮೆ. ವೈರು ಹೆಚ್ಚು ಬೇಕು, ಜೊತೆಗೆ ಹಬ್ ಅನ್ನೋ ಡಬ್ಬಿಯ ಖರ್ಚು ಬೇರೆ. ಆದರೂ ಗೆದ್ದಿತು, ಯಾಕಂದ್ರೆ ಒಬ್ಬರ ವೈರು ಒಬ್ಬರದ್ದೇ. ಯಾವುದೋ ಪೋರ್ಟಿನಿಂದ ಸತತವಾಗಿ ಡಿಕ್ಕಿಗಳು ಬಂದ್ರೆ ಹಬ್ ಆ ಒಂದು ಪೋರ್ಟನ್ನ ತಾನೇ ಬೇರ್ಪಡಿಸಿ ಉಳಿದವರನ್ನ ಕಾಪಾಡುತ್ತೆ. ಏನೂ ಕಳಿಸದೆ ಸುಮ್ಮನಿದ್ದಾಗಲೂ ಎರಡೂ ತುದಿ ಸುಮಾರು 16 ಮಿಲಿಸೆಕೆಂಡಿಗೊಮ್ಮೆ "ನಾನಿದ್ದೀನಿ" ಅಂತ ಒಂದು ಮಿಡಿತ ಕಳಿಸ್ತಾ ಇರುತ್ತೆ. ಆ ಮಿಡಿತ ಬರೋವರೆಗೂ ಹಸಿರು ದೀಪ ಹತ್ತಿರುತ್ತೆ. ಮೇಜಿನಡಿ ತೆವಳೋ ಕೆಲಸ ನಿಂತು, ಹಬ್ಬಿನ ಮುಂದೆ ನಿಂತು "ಏಳನೇ ಪೋರ್ಟ್ ದೀಪ ಆರಿದೆ, ಅಕೌಂಟ್ಸ್‌ನವರ ಮೂಲೆ ಮೇಜು" ಅಂತ ಹೇಳೋ ಹಾಗಾಯ್ತು. ನಿಯಮ ಬರೋ ಮುಂಚೆ ಮಾರಾಟವಾಗಿದ್ದ ಕೆಲವು ಹಬ್ಬುಗಳಿಗೆ ಈ ಮಿಡಿತ ಗೊತ್ತಿರಲಿಲ್ಲ, ಅದಕ್ಕೇ ಕಾರ್ಡುಗಳಲ್ಲಿ ಇದನ್ನ ಆಫ್ ಮಾಡೋಕೆ ಮತ್ತೊಂದು ಜಂಪರ್. ಆ ಮಟ್ಟಿಗೆ ಹೊಂದಾಣಿಕೆಯ ಕಾಟ ಇಲ್ಲೂ ತಪ್ಪಲಿಲ್ಲ.

ದೀಪ ಹೇಳದೇ ಇರೋದೂ ಇದೆ. 1995ರಲ್ಲಿ 100 ಎಂಬಿಪಿಎಸ್ ಬಂದಾಗ, ಎರಡು ತುದಿಗಳು ತಾವೇ ಮಾತಾಡಿಕೊಂಡು ವೇಗವನ್ನೂ, ಏಕಕಾಲಕ್ಕೆ ಎರಡೂ ದಿಕ್ಕಿನಲ್ಲಿ ಕಳಿಸಬೇಕೋ ಬೇಡವೋ ಅನ್ನೋದನ್ನೂ ತೀರ್ಮಾನಿಸೋ ಪದ್ಧತಿ ಬಂತು. ಮೊದಮೊದಲು ಬೇರೆಬೇರೆ ಕಂಪನಿಯ ಡಬ್ಬಿಗಳು ಸರಿಯಾಗಿ ಮಾತಾಡಿಕೊಳ್ತಿರಲಿಲ್ಲ. ಬೇಸತ್ತ ಜನ ಎಲ್ಲವನ್ನೂ ಕೈಯಾರೆ '100, ಫುಲ್ ಡುಪ್ಲೆಕ್ಸ್' ಅಂತ ಬಿಗಿ ಮಾಡಿಟ್ಟರು. ಸಮಸ್ಯೆ ಏನಂದ್ರೆ, ಒಂದು ತುದಿ ಹೀಗೆ ಬಿಗಿಯಾಗಿ, ಇನ್ನೊಂದು ಆಟೋದಲ್ಲಿ ಇದ್ರೆ, ಆಟೋ ಇರೋ ತುದಿಗೆ ವೇಗ ಗೊತ್ತಾಗುತ್ತೆ, ಡುಪ್ಲೆಕ್ಸ್ ಗೊತ್ತಾಗಲ್ಲ. ಆಗ ಅದು ಹಾಫ್ ಅಂತ ಹಿಡಿಯಬೇಕು ಅನ್ನೋದೇ ನಿಯಮ. ಒಬ್ಬ ಕೇಳದೇ ಮಾತಾಡ್ತಾನೆ, ಇನ್ನೊಬ್ಬ ಪ್ರತಿ ಸಲ ಡಿಕ್ಕಿ ಆಯ್ತು ಅಂತ ನಿಲ್ಲಿಸ್ತಾನೆ. ದೀಪ ಹಸಿರು, ಪಿಂಗ್ ಸರಿ, ದೊಡ್ಡ ಫೈಲ್ ಮಾತ್ರ ತೆವಳುತ್ತೆ. ಕಳೆದ ವರ್ಷ ಕ್ಲೈಂಟ್ ಒಬ್ಬರ ಫ್ಯಾಕ್ಟರಿಯಲ್ಲಿ ಇದೇ ಆಯ್ತು. ಎಂಟು ದಿನ ನಮ್ಮ ಸಾಫ್ಟ್‌ವೇರ್ ನಿಧಾನ ಅಂತ ಕಾಲ್ ಮೇಲೆ ಕಾಲ್. ಕೊನೆಗೆ ಸ್ವಿಚ್ಚಿನ ಕೌಂಟರ್ ತೆಗೆದು ನೋಡಿ 'ಲೇಟ್ ಕೊಲಿಷನ್' ಸಾಲು ಏರ್ತಾ ಇರೋದನ್ನ ಎರಡು ನಿಮಿಷದಲ್ಲಿ ತೋರಿಸಿದವರು ನಮ್ಮ ಆ ಹಿರಿಯರೇ. ಹಳೇ ಯಂತ್ರವೊಂದರ ಪೋರ್ಟನ್ನ ಯಾವ ಕಾಲದಲ್ಲೋ ಯಾರೋ ಬಿಗಿ ಮಾಡಿಟ್ಟಿದ್ದರು. ನೀವು ಯಾವತ್ತಾದ್ರೂ "ಪಿಂಗ್ ಬರ್ತಿದೆ, ಕಾಪಿ ಆಗ್ತಿಲ್ಲ" ಅನ್ನೋ ಟಿಕೆಟ್ ನೋಡಿದ್ರೆ ಮೊದಲು ಅಲ್ಲಿ ಕಣ್ಣು ಹಾಯಿಸಿ.

ಮನೆ ಕಟ್ಟಿಸ್ತಾ ಇರೋರಿಗೆ ಇನ್ನೊಂದು ಮಾತು. ಲ್ಯಾನ್ ವೈರು ಎಳೆದ ಎಲೆಕ್ಟ್ರಿಷಿಯನ್ ಟೆಸ್ಟರ್ ಹಾಕಿ ಎಂಟೂ ದೀಪ ಹತ್ತಿದ್ದನ್ನ ತೋರಿಸಿದ್ರೆ ಅಷ್ಟಕ್ಕೇ ಒಪ್ಪಬೇಡಿ. 3 ಮತ್ತು 6ನೇ ಪಿನ್ನುಗಳಿಗೆ ಒಂದೇ ಜೋಡಿಯ ತಂತಿಗಳು ಹೋಗಬೇಕು. 3 ಮತ್ತು 4ಕ್ಕೆ ಹಾಕಿದ್ರೂ ಟೆಸ್ಟರ್ ಪಾಸ್ ಅನ್ನುತ್ತೆ, ವೇಗ ಮಾತ್ರ ಸಿಗಲ್ಲ.

ಎಲ್ಲರೂ ಒಂದೇ ವೈರು ಹಂಚಿಕೊಳ್ಳೋ ಕಾಲ ಮುಗೀತು ಅಂದುಕೊಂಡಿದ್ದೆ. ಆದರೆ ಕಾರುಗಳ ಎಲೆಕ್ಟ್ರಾನಿಕ್ಸ್ ಮೇಲೆ ಕೆಲಸ ಮಾಡೋ ಗೆಳತಿಯೊಬ್ಬಳು ಮೊನ್ನೆ 10ಬೇಸ್-ಟಿ1ಎಸ್ ಬಗ್ಗೆ ಹೇಳಿದಳು. 2019ರ ಐಇಇಇ ನಿಯಮ. ಒಂದೇ ಜೋಡಿ ತಂತಿ, ವೇಗ ಮತ್ತೆ ಅದೇ 10 ಎಂಬಿಪಿಎಸ್, 25 ಮೀಟರ್ ಉದ್ದ, ಕನಿಷ್ಠ ಎಂಟು ಸಾಧನ ಮಾಲೆಯ ಹಾಗೆ. ಕಾರಿನಲ್ಲಿ ಪ್ರತಿ ಸೆನ್ಸರಿಗೂ ಸ್ವಿಚ್ಚಿನ ಒಂದೊಂದು ಪೋರ್ಟ್, ಒಂದೊಂದು ವೈರು ಅಂದ್ರೆ ತೂಕ, ಖರ್ಚು ಎರಡೂ ಜಾಸ್ತಿ, ಅದಕ್ಕೇ. ಡಿಕ್ಕಿ ಆಗದ ಹಾಗೆ ಈ ಸಲ ಎಲ್ಲರಿಗೂ ಸರದಿ ಹಂಚೋ ವ್ಯವಸ್ಥೆ ಮಾಡಿಕೊಂಡಿದ್ದಾರಂತೆ. ತುದಿಗಳಿಗೆ ಏನು ಹಾಕ್ತೀರಿ ಅಂತ ಕೇಳಿದೆ. ಎರಡೂ ಕಡೆ ಟರ್ಮಿನೇಟರ್, ಈ ಸಲ 100 ಓಮ್ ಅಂದಳು. ಮಲ್ಟಿಮೀಟರ್ ಹಿಡಿದ್ರೆ 50 ತೋರಿಸಬೇಕು ಅಂತ ಲೆಕ್ಕ ಹಾಕಿ ನಮ್ಮ ಹಿರಿಯರಿಗೆ ಮೆಸೇಜ್ ಕಳಿಸಿದ್ದೀನಿ.